ಡೇರೆ ಕಿತ್ತ ಮೇಲೆ ಸಿಂಹಗಳು ಎಲ್ಲಿಗೆ ಹೋದವು?

(ನಮ್ಮ ಕನ್ನಡ ಕಾರ್ಯಕ್ರಮದಲ್ಲಿ ಪ್ರಸಾರವಾದ ಭಾಷಣದ ಪೂರ್ಣ ಪಾಠ)



ಈಚೆಗೆ ಒಂದು ಭಾನುವಾರ ಮಗಳ ಮಗನನ್ನು ಕರೆದುಕೊಂಡು ನಮ್ಮ ನೆಹರೂ ಜೂ ಪಾರ್ಕಿಗೆ ಹೋಗಿದ್ದೆ. ಬಹದ್ದೂರ್‌ಪುರದ ಗೇಟಿನ ಮುಂದೆ ಜನವೋ ಜನ. ಸೋಮವಾರ ಜೂಗೆ ರಜೆ, ಹಾಗಾಗಿ ಊರೆಲ್ಲ ಭಾನುವಾರವೇ ಅಲ್ಲಿ ಬಂದು ಸೇರುತ್ತದೆ. ಸಫಾರಿಯ ಬಸ್ಸು ಹತ್ತಿದೆವು. ಜಾಲರಿ ಹಾಕಿದ ಕಿಟಕಿಗೆ ಮೂಗು ಒತ್ತಿಕೊಂಡು ಕೂತ ನಮ್ಮ ಹುಡುಗನಿಗೆ ಕೊನೆಗೂ ಒಂದು ಸಿಂಹ ಕಂಡಿತು. ಮರದ ನೆರಳಿನಲ್ಲಿ ಅಂಗಾತ ಮಲಗಿ, ನಾಲ್ಕೂ ಕಾಲು ಮೇಲೆತ್ತಿ, ನಮ್ಮ ಮನೆಯ ಬೆಕ್ಕಿನ ಹಾಗೆ ನಿದ್ದೆ ಮಾಡುತ್ತಿತ್ತು. ಬಸ್ಸಿನವರೆಲ್ಲ ಕೂಗಿದರು, ಶಿಳ್ಳೆ ಹೊಡೆದರು. ಅದು ಒಂದು ಕಿವಿಯನ್ನಷ್ಟೆ ಅಲ್ಲಾಡಿಸಿತು.

"ಅಜ್ಜಾ, ಇದನ್ನ ಕಾಡಿಗ್ಯಾಕ ಬಿಡಂಗಿಲ್ಲ?" ಎಂದ ಹುಡುಗ.

"ಅದಕ್ಕ ಈಗ ಇದೇ ಮನಿ ಆಗ್ಯದಪ್ಪ" ಅಂದೆ.

"ಇದು ಮನಿ ಅಲ್ಲಜ್ಜ, ಹಾಸ್ಟೆಲ್" ಎಂದುಬಿಟ್ಟ.

ಹುಡುಗರ ಮಾತು ನೋಡಿ, ಎಲ್ಲೋ ಹೋಗಿ ತಾಗುತ್ತದೆ. ಆ ಸಿಂಹ ಹುಟ್ಟಿದ್ದೇ ಮೃಗಾಲಯದಲ್ಲಿ ಇದ್ದೀತು. ಆದರೆ ನನಗೆ ಆ ಹೊತ್ತಿನಲ್ಲಿ ಕಣ್ಣ ಮುಂದೆ ಬಂದದ್ದು ಬೇರೆ ಸಿಂಹ. ಐವತ್ತು ವರ್ಷಕ್ಕೂ ಹಿಂದಿನದು, ರಾಯಚೂರಿನದು. ಇವತ್ತು ನಿಮ್ಮೊಂದಿಗೆ ಅದರ ಬಗ್ಗೆ, ಅದರ ಬಳಗದ ಬಗ್ಗೆ ನಾಲ್ಕು ಮಾತು ಹಂಚಿಕೊಳ್ಳುತ್ತೇನೆ.

ನಾನು ಶಾಲೆಗೆ ಹೋಗುತ್ತಿದ್ದ ಕಾಲಕ್ಕೆ ಸರ್ಕಸ್ ಬಂತೆಂದರೆ ಊರಿಗೆ ಜಾತ್ರೆ ಬಂದ ಹಾಗೆ. ರಾತ್ರಿ ಸರ್ಚ್‌ಲೈಟು ಆಕಾಶದಲ್ಲಿ ತಿರುಗುತ್ತಿತ್ತು. ಅದು ಕಂಡರೆ ನಮಗೆ ಓದು ತಲೆಗೆ ಹತ್ತುತ್ತಿರಲಿಲ್ಲ. ಅಪ್ಪನನ್ನು ಕಾಡಿ ಬೇಡಿ, ಗ್ಯಾಲರಿಯ ಹಲಗೆಯ ಮೇಲೆ ಕೂತು ನೋಡಿದ ಆಟ ಇನ್ನೂ ನೆನಪಿದೆ. ಕೊನೆಗೆ ಬರುವುದೇ ಸಿಂಹದ ಆಟ. ಕೆಲಸದವರು ಓಡಿ ಬಂದು ಕಬ್ಬಿಣದ ಜಾಲರಿ ನಿಲ್ಲಿಸುತ್ತಿದ್ದರು. ಬ್ಯಾಂಡು ಒಮ್ಮೆಲೆ ನಿಲ್ಲುತ್ತಿತ್ತು. ರಿಂಗ್ ಮಾಸ್ಟರನ ಚಾಟಿಯ ಸದ್ದಿಗೆ ಸಿಂಹಗಳು ಒಂದೊಂದಾಗಿ ಬಂದು ಸ್ಟೂಲಿನ ಮೇಲೆ ಕೂರುತ್ತಿದ್ದವು. ಒಂದು ಸಿಂಹ ಬೆಂಕಿಯ ಬಳೆಯೊಳಗಿಂದ ಹಾರುತ್ತಿತ್ತು. ನಾನು ಅಂಗೈ ಕೆಂಪಾಗುವಷ್ಟು ಚಪ್ಪಾಳೆ ತಟ್ಟಿದ್ದೆ.

ಮರುದಿನ ಬೆಳಿಗ್ಗೆ ನಾವು ಮೂರ್ನಾಲ್ಕು ಹುಡುಗರು ಡೇರೆಯ ಹಿಂದಕ್ಕೆ ಕದ್ದು ಹೋದೆವು. ಅಲ್ಲಿ ಗಾಲಿಯ ಮೇಲಿನ ಬೋನುಗಳು ಸಾಲಾಗಿ ನಿಂತಿದ್ದವು. ರಾತ್ರಿ ಬೆಂಕಿ ಹಾರಿದ ಸಿಂಹ ಒಳಗೆ ನಡೆಯುತ್ತಿತ್ತು. ಮೂರು ಹೆಜ್ಜೆ, ತಿರುಗು. ಮೂರು ಹೆಜ್ಜೆ, ತಿರುಗು. ತಿರುಗುವಾಗ ಪ್ರತಿ ಸಲವೂ ಒಂದೇ ಸರಳಿಗೆ ಹಣೆ ಉಜ್ಜುತ್ತಿತ್ತು, ಆ ಜಾಗದಲ್ಲಿ ಕೂದಲು ಉದುರಿ ಚರ್ಮ ಕಾಣುತ್ತಿತ್ತು. ನಾವು ಎಷ್ಟು ಹೊತ್ತು ನಿಂತರೂ ಅದು ನಿಲ್ಲಲಿಲ್ಲ. ಒಬ್ಬ ಕಡಲೆಬೀಜ ಎಸೆದ. ಅದಕ್ಕೂ ತಿರುಗಿ ನೋಡಲಿಲ್ಲ. ಕಾವಲಿನವನು ಗದರಿಸಿದ, ಓಡಿ ಬಂದೆವು. ಆ ವಯಸ್ಸಿಗೆ ಅದು ಏನೆಂದು ತಿಳಿಯಲಿಲ್ಲ. ಮಾತ್ರ, ಮುಂದೆ ಸರ್ಕಸ್ ಬಂದಾಗ ಸಿಂಹದ ಆಟಕ್ಕೆ ಮೊದಲಿನಷ್ಟು ಚಪ್ಪಾಳೆ ತಟ್ಟಲು ನನಗೆ ಕೈ ಬರಲಿಲ್ಲ.

ಭಾರತೀಯರೇ ಕಟ್ಟಿದ ಸರ್ಕಸ್ಸಿಗೆ ಒಳ್ಳೆಯ ವಯಸ್ಸಾಗಿದೆ. ವಿಷ್ಣುಪಂತ ಛತ್ರೆಯವರು 1880ರಲ್ಲಿ ಮುಂಬಯಿಯಲ್ಲಿ ಮೊದಲ ಆಟ ಆಡಿಸಿದರು. ಆಮೇಲೆ ಕೇರಳದ ತಲಶ್ಶೇರಿ ಸರ್ಕಸ್ಸಿನ ತವರೂರೇ ಆಯಿತು. ನೂರು ವರ್ಷಕ್ಕೂ ಹೆಚ್ಚು ಕಾಲ ಈ ಕಂಪನಿಗಳು ಊರೂರು ತಿರುಗಿ ಬದುಕಿದವು. ಸಾವಿರಾರು ಜನರಿಗೆ ಅನ್ನ ಕೊಟ್ಟವು. ಇದನ್ನು ಮರೆತು ಮಾತಾಡಿದರೆ ತಪ್ಪಾಗುತ್ತದೆ. ಸಿಂಹಕ್ಕೆ ಜ್ವರ ಬಂದರೆ ಬೋನಿನ ಪಕ್ಕದಲ್ಲೇ ಮಲಗುತ್ತಿದ್ದ ಕೆಲಸಗಾರರೂ ಅಲ್ಲಿದ್ದರು. ಆದರೆ ಆಟ ಕಲಿಸುವ ಬಗೆ, ಊರಿಂದೂರಿಗೆ ಲಾರಿಯ ಮೇಲೆ ಸಾಗಿಸುವ ಬಗೆ, ಜೀವಮಾನವೆಲ್ಲ ಬೋನಿನಲ್ಲಿ ಇಡುವ ಬಗೆ, ಇವಕ್ಕೆ ಪ್ರೀತಿಯಿಂದ ಮದ್ದಾಗುವುದಿಲ್ಲ.

ಕಾನೂನಿನ ಕಥೆಯನ್ನು ಬೇಗ ಹೇಳಿ ಮುಗಿಸುತ್ತೇನೆ. ಪ್ರಾಣಿಗಳ ಮೇಲಿನ ಕ್ರೌರ್ಯ ತಡೆಯುವ ಕಾಯ್ದೆ 1960ರದು. ಅದರ ಕೆಳಗೆ ಕೇಂದ್ರ ಸರ್ಕಾರ 1991ರಲ್ಲಿ ಒಮ್ಮೆ, ಮತ್ತೆ 1998ರ ಅಕ್ಟೋಬರಿನಲ್ಲಿ ಅಧಿಸೂಚನೆ ಹೊರಡಿಸಿತು. ಕರಡಿ, ಕೋತಿ, ಹುಲಿ, ಚಿರತೆ, ಸಿಂಹ, ಈ ಐದನ್ನು ತರಬೇತಿ ಕೊಟ್ಟು ಪ್ರದರ್ಶನಕ್ಕೆ ಬಳಸಕೂಡದು ಎಂದು 1998ರ ಆದೇಶ ಹೇಳಿತು. ಸರ್ಕಸ್ ಮಾಲೀಕರು ಕೇರಳ ಹೈಕೋರ್ಟಿಗೆ ಹೋದರು; ನಮ್ಮ ವ್ಯಾಪಾರದ ಹಕ್ಕು ಹೋಗುತ್ತದೆ ಎಂದರು. 2000ದ ಜೂನಿನಲ್ಲಿ ಹೈಕೋರ್ಟು ಅವರ ವಾದವನ್ನು ತಳ್ಳಿಹಾಕಿತು. 2001ರ ಮೇ 1ರಂದು ಸುಪ್ರೀಂ ಕೋರ್ಟು ಅದನ್ನೇ ಎತ್ತಿಹಿಡಿಯಿತು. ಅಲ್ಲಿಗೆ ಸಿಂಹದ ಆಟ ಮುಗಿಯಿತು.

ಪತ್ರಿಕೆಯ ಸುದ್ದಿಯೂ ಅಲ್ಲಿಗೆ ಮುಗಿಯಿತು. ನನ್ನ ಕಥೆ ಶುರುವಾಗುವುದೇ ಅಲ್ಲಿಂದ. ಆಟ ನಿಂತಿತು, ಸರಿ. ನೂರಾರು ಸಿಂಹ, ಹುಲಿಗಳು ಇನ್ನೂ ಬೋನಿನಲ್ಲಿದ್ದವಲ್ಲ, ಅವು ಎಲ್ಲಿಗೆ ಹೋಗಬೇಕು? ಟಿಕೆಟ್ಟಿನ ದುಡ್ಡು ತಾರದ ಸಿಂಹಕ್ಕೆ ದಿನಕ್ಕೆ ಏಳೆಂಟು ಕಿಲೋ ಮಾಂಸ ಹಾಕುವವರು ಯಾರು? ಮಾರುವ ಹಾಗಿಲ್ಲ, ಕೊಲ್ಲುವ ಹಾಗಿಲ್ಲ, ಆಡಿಸುವ ಹಾಗಿಲ್ಲ.

ಕೇಂದ್ರ ಮೃಗಾಲಯ ಪ್ರಾಧಿಕಾರ ಇದಕ್ಕೊಂದು ದಾರಿ ಮಾಡಿತು. ದೇಶದ ಕೆಲವು ಕಡೆ ಇವಕ್ಕೆಂದೇ ರಕ್ಷಣಾ ಕೇಂದ್ರಗಳನ್ನು ಕಟ್ಟಿಸಿ, ಖರ್ಚನ್ನೂ ತಾನೇ ಹೊತ್ತಿತು. ನಮ್ಮ ಬೆಂಗಳೂರಿನ ಬನ್ನೇರುಘಟ್ಟ, ಚೆನ್ನೈ ಬಳಿಯ ವಂಡಲೂರು, ಭೋಪಾಲ, ಜೈಪುರ, ಬಂಗಾಳದ ದಕ್ಷಿಣ ಖಯೇರ್‌ಬಾಡಿ. ಇವುಗಳ ಜೊತೆಗೆ ವಿಶಾಖಪಟ್ಟಣ ಮತ್ತು ತಿರುಪತಿ. ಕೊನೆಯ ಎರಡೂ ಆಗ ನಮ್ಮ ಹೈದರಾಬಾದ್ ರಾಜಧಾನಿಯಾಗಿದ್ದ ರಾಜ್ಯದಲ್ಲೇ ಇದ್ದವು. ನಮ್ಮವರು ವರ್ಷಕ್ಕೊಮ್ಮೆಯಾದರೂ ತಿಮ್ಮಪ್ಪನ ದರ್ಶನಕ್ಕೆ ಹೋಗುತ್ತೇವೆ. ಬೆಟ್ಟ ಹತ್ತುವ ಗಡಿಬಿಡಿಯಲ್ಲಿ, ಕೆಳಗೆ ಮೃಗಾಲಯದ ಆವರಣದಲ್ಲಿ ಸರ್ಕಸ್ಸಿನಿಂದ ಬಂದ ಸಿಂಹಗಳು ಮುಪ್ಪು ಕಳೆಯುತ್ತಿವೆ ಎಂದು ನಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತಿತ್ತು? ನನಗಂತೂ ಎಷ್ಟೋ ವರ್ಷ ಗೊತ್ತಿರಲಿಲ್ಲ.

ಗೊತ್ತಾಗದಿರುವುದಕ್ಕೆ ಕಾರಣವೂ ಇದೆ. ರಕ್ಷಣಾ ಕೇಂದ್ರದ ಮೊದಲ ನಿಯಮವೇ ಅದು: ಅಲ್ಲಿ ಪ್ರೇಕ್ಷಕರಿಗೆ ಪ್ರವೇಶವಿಲ್ಲ. ಜೀವಮಾನವೆಲ್ಲ ಜನರ ಮುಂದೆ ನಿಂತ ಪ್ರಾಣಿಗೆ ಇನ್ನು ಯಾರ ಮುಂದೂ ನಿಲ್ಲುವ ಕೆಲಸವಿಲ್ಲ. ಟಿಕೆಟ್ಟಿಲ್ಲ, ಫಲಕವಿಲ್ಲ, ಕ್ಯಾಮರಾ ಇಲ್ಲ. ಎರಡನೆಯ ನಿಯಮ ಕೇಳಲು ಸ್ವಲ್ಪ ಕಠಿಣ: ಅಲ್ಲಿ ಸಂತಾನವಿಲ್ಲ. ಗಂಡುಗಳಿಗೆ ಮಕ್ಕಳಾಗದ ಶಸ್ತ್ರಚಿಕಿತ್ಸೆ, ಇಲ್ಲವೆ ಗಂಡು ಹೆಣ್ಣು ಬೇರೆ ಬೇರೆ. ಅದರ ಕಾರಣಕ್ಕೆ ಆಮೇಲೆ ಬರುತ್ತೇನೆ. ಅದರಲ್ಲಿ ನಮ್ಮ ಹೈದರಾಬಾದಿನ ಕೈ ಇದೆ.

ಇಂಥ ಕಡೆ ದಿನ ಹೇಗೆ ಸಾಗುತ್ತದೆ? ಬೆಳಿಗ್ಗೆ ಪಾಲಕ ಬಂದು ಮೊದಲು ತಲೆ ಎಣಿಸುತ್ತಾನೆ. ಯಾವುದು ಎದ್ದಿದೆ, ಯಾವುದು ಎದ್ದಿಲ್ಲ, ನಿನ್ನೆಯ ಮಾಂಸ ಎಷ್ಟು ಉಳಿದಿದೆ, ಸಗಣಿ ಹೇಗಿದೆ, ಇವನ್ನೆಲ್ಲ ನೋಡಿ ಬರೆಯುತ್ತಾನೆ. ರಾತ್ರಿಯ ಕೋಣೆಗೂ ಹೊರಗಿನ ಅಂಗಳಕ್ಕೂ ನಡುವೆ ಜಾರುಬಾಗಿಲು ಇರುತ್ತದೆ. ಸಿಂಹವನ್ನು ಅಂಗಳಕ್ಕೆ ಬಿಟ್ಟು, ಬಾಗಿಲು ಹಾಕಿ, ಕೋಣೆ ತೊಳೆದು ಒಣಗಿಸುತ್ತಾರೆ. ಸರ್ಕಸ್ಸಿನಲ್ಲಿ ಒಂದೇ ರಿಂಗಿನಲ್ಲಿ ಆಡಿದವು ಎಂದು ಎಲ್ಲವನ್ನೂ ಒಟ್ಟಿಗೆ ಬಿಡುವ ಹಾಗಿಲ್ಲ. ಅಲ್ಲಿ ಚಾಟಿಯ ಹೆದರಿಕೆಯಿಂದ ಸುಮ್ಮನಿದ್ದವು ಇಲ್ಲಿ ಕಾದಾಡಿಯಾವು. ಆದ್ದರಿಂದ ಸರದಿಯ ಮೇಲೆ ಅಂಗಳ: ಈ ಎರಡು ಬೆಳಿಗ್ಗೆ, ಆ ಮೂರು ಮಧ್ಯಾಹ್ನ. ಸಂಜೆ ಮಾಂಸ. ವಾರಕ್ಕೊಂದು ದಿನ ಉಪವಾಸ. ಏಕಾದಶಿಯಂತೂ ಅಲ್ಲ, ಬಿಡಿ. ಕಾಡಿನಲ್ಲಿ ಇವು ದಿನವೂ ಉಣ್ಣುವ ಪ್ರಾಣಿಗಳಲ್ಲ, ಹೊಟ್ಟೆಗೆ ಬಿಡುವು ಬೇಕು.

ಮೊದಲ ದಿನಗಳೇ ಬಲು ಕಷ್ಟದವು. ಬೋನಿನ ಬಾಗಿಲು ತೆಗೆದ ಕೂಡಲೇ ಸಿಂಹ ಗರ್ಜಿಸಿ ಹೊರಗೆ ನೆಗೆಯುತ್ತದೆ ಎಂದು ನಾವು ಸಿನಿಮಾ ನೋಡಿ ಅಂದುಕೊಂಡಿರುತ್ತೇವೆ. ಹಾಗಾಗುವುದಿಲ್ಲ. ಹಲಗೆ, ಕಬ್ಬಿಣ ಬಿಟ್ಟು ಬೇರೇನೂ ತುಳಿಯದ ಪ್ರಾಣಿ ಹುಲ್ಲಿನ ಮೇಲೆ ಕಾಲಿಡಲು ಅಂಜುತ್ತದೆ. ಪಂಜ ಊರಿ, ಹಿಂತೆಗೆದು, ಮತ್ತೆ ಊರುತ್ತದೆ. ಕೆಲವು ಹೊರಗೆ ಬರಲು ದಿನಗಟ್ಟಲೆ ತೆಗೆದುಕೊಳ್ಳುತ್ತವೆ. ಹೊರಗೆ ಬಂದ ಮೇಲೂ, ಅಷ್ಟು ದೊಡ್ಡ ಅಂಗಳವಿದ್ದರೂ, ಗೋಡೆಯ ಮಗ್ಗುಲಿಗೆ ಹೋಗಿ ಹಳೆಯ ಬೋನಿನ ಉದ್ದದಷ್ಟೇ ನಡೆದು ತಿರುಗುವ ಪ್ರಾಣಿಗಳಿವೆ. ಮೂರು ಹೆಜ್ಜೆ, ತಿರುಗು. ಲೋಕದ ಎಲ್ಲ ರಕ್ಷಣಾಲಯಗಳಲ್ಲೂ ಕಂಡ ಸಂಗತಿ ಇದು. ಬೋನು ಹೊರಗಿನದು ಕಳಚಿದರೂ ಒಳಗಿನದು ಕಳಚಲು ವರ್ಷಗಳು ಬೇಕು. ಕೆಲವಕ್ಕೆ ಆಯುಸ್ಸೇ ಸಾಲುವುದಿಲ್ಲ.

ಇದನ್ನು ಓದಿದ ದಿನ ರಾಯಚೂರಿನ ಆ ಬೆಳಗು ನನಗೆ ಅರ್ಥವಾಯಿತು. ನಾವು ಹುಡುಗರು ಅದನ್ನು ಸಿಂಹದ ಸಿಟ್ಟು ಅಂದುಕೊಂಡಿದ್ದೆವು.

ಇನ್ನು ನನ್ನ ಮೊಮ್ಮಗನ ಪ್ರಶ್ನೆ: ಕಾಡಿಗ್ಯಾಕ ಬಿಡಂಗಿಲ್ಲ?

ಒಂದು ಕಾರಣ ಎಲ್ಲರಿಗೂ ಹೊಳೆಯುತ್ತದೆ. ಬೇಟೆ ಎನ್ನುವುದು ಹುಟ್ಟುವಾಗಲೇ ಪೂರ್ತಿ ಬರುವ ವಿದ್ಯೆಯಲ್ಲ. ಮರಿ ಎರಡು ವರ್ಷದಷ್ಟು ಕಾಲ ತಾಯಿಯ ಹಿಂದೆ ತಿರುಗಿ, ಹೊಂಚುವುದು, ಅಟ್ಟುವುದು, ಕುತ್ತಿಗೆ ಹಿಡಿಯುವುದನ್ನು ಕಲಿಯುತ್ತದೆ. ಡೇರೆಯಲ್ಲಿ ಹುಟ್ಟಿದ್ದಕ್ಕೆ ಆ ಪಾಠವಾಗಿಲ್ಲ. ಹಲ್ಲು ಮುರಿದಿರಬಹುದು, ಉಗುರು ಕಿತ್ತಿರಬಹುದು. ಅದಕ್ಕಿಂತ ದೊಡ್ಡ ತೊಡಕು, ಅದಕ್ಕೆ ಮನುಷ್ಯನ ಹೆದರಿಕೆ ಇಲ್ಲ. ಹಸಿವಾದರೆ ಅದು ಜಿಂಕೆಯ ಕಡೆಗಲ್ಲ, ಮಾಂಸದ ಬಕೆಟ್ಟು ಹಿಡಿದ ಮನುಷ್ಯನ ಕಡೆಗೇ ನಡೆದು ಬರುತ್ತದೆ. ಆಮೇಲೆ ಊರಿನವರ ಗತಿ ಏನು, ಸಿಂಹದ ಗತಿ ಏನು, ಹೇಳಬೇಕಾಗಿಲ್ಲ.

ಇನ್ನೊಂದು ಕಾರಣ ರಕ್ತದಲ್ಲಿದೆ. ಏಷ್ಯಾದ ಸಿಂಹ ಕಾಡಿನಲ್ಲಿ ಉಳಿದಿರುವುದು ಲೋಕಕ್ಕೆಲ್ಲ ಒಂದೇ ಕಡೆ, ಗುಜರಾತಿನ ಗಿರ್ ಮತ್ತು ಅದರ ಸುತ್ತ. 2020ರಲ್ಲಿ 674, 2025ರಲ್ಲಿ 891 ಎಂದು ಲೆಕ್ಕ ಕೊಟ್ಟಿದ್ದಾರೆ. ಆದರೆ ಸರ್ಕಸ್ಸಿನವರಿಗೆ ಸಿಂಹ ಎಲ್ಲಿಯದಾದರೇನು? ಆಫ್ರಿಕದ ಸಿಂಹವನ್ನು ತಂದರು, ಇಲ್ಲಿಯದರ ಜೊತೆ ಕೂಡಿಸಿದರು, ಮರಿ ಮಾರಿದರು. ಅಂಥ ಮರಿಗಳು ಮೃಗಾಲಯಗಳಿಗೂ ಹೋದವು. ಚಂಡೀಗಢದ ಬಳಿಯ ಛತ್‌ಬೀರ್ ಮೃಗಾಲಯದಲ್ಲಿ ಸರ್ಕಸ್ಸಿನ ಸಿಂಹಗಳ ಮಿಶ್ರ ಸಂತಾನ ಬೆಳೆದು ಬೆಳೆದು, ಒಂದು ಕಾಲಕ್ಕೆ ಎಂಬತ್ತರ ಹತ್ತಿರಕ್ಕೆ ಬಂತು. ಕೆಲವೇ ಪ್ರಾಣಿಗಳೊಳಗೆ ಮತ್ತೆ ಮತ್ತೆ ಸಂಬಂಧ ಬೆಳೆದದ್ದರಿಂದ ರೋಗ ತಡೆಯುವ ಶಕ್ತಿ ಕುಂದಿತು, ಹಿಂಗಾಲು ಸೋತು ನೆಲ ಹಿಡಿದವು, ಒಂದೊಂದಾಗಿ ಸತ್ತವು.

ಹೊರಗಿನಿಂದ ನೋಡಿ ಇದು ಶುದ್ಧ, ಇದು ಮಿಶ್ರ ಎಂದು ಹೇಳುವುದು ಸುಲಭವಲ್ಲ. ಏಷ್ಯಾದ್ದಕ್ಕೆ ಹೊಟ್ಟೆಯ ಕೆಳಗೆ ಚರ್ಮದ ಮಡಿಕೆ ಇರುತ್ತದೆ, ಕೇಸರ ಸ್ವಲ್ಪ ಕಡಿಮೆ ಎನ್ನುತ್ತಾರೆ. ಮಿಶ್ರದಲ್ಲೂ ಅದು ಕಂಡೀತು. 1987ರಲ್ಲಿ ಅಮೆರಿಕದ ಸ್ಟೀಫನ್ ಓಬ್ರಿಯನ್ ಮತ್ತು ಅವರ ತಂಡದವರು ಪರೀಕ್ಷಿಸಿ ನೋಡಿದಾಗ, ಅಲ್ಲಿನ ಮೃಗಾಲಯಗಳು ಏಷ್ಯಾದ ಸಿಂಹವೆಂದು ಜೋಪಾನವಾಗಿ ಬೆಳೆಸಿದ ವಂಶದ ಮೂಲದಲ್ಲೇ ಆಫ್ರಿಕದ ಸಿಂಹಗಳು ಸೇರಿದ್ದು ತಿಳಿಯಿತು. ನಮ್ಮ ದೇಶದಲ್ಲಿ ಈ ಗಂಟನ್ನು ಬಿಡಿಸುವ ಕೆಲಸ ನಡೆದದ್ದು ಇಲ್ಲೇ, ಹಬ್ಸಿಗುಡದ ಸಿಸಿಎಂಬಿಯಲ್ಲಿ. ಲಾಲ್‌ಜಿ ಸಿಂಗ್ ಮತ್ತು ಅವರ ಸಂಗಡಿಗರು ಸಿಂಹ, ಹುಲಿಗಳ ಡಿಎನ್‌ಎ ನೋಡಿ 1997ರಲ್ಲಿ ತಮ್ಮ ಅಧ್ಯಯನ ಪ್ರಕಟಿಸಿದರು. ಸ್ವಲ್ಪ ರಕ್ತ, ಒಂದಿಷ್ಟು ಕೂದಲು ಸಿಕ್ಕರೆ ಸಾಕು, ಇದು ಗಿರ್‌ನದೋ ಕಲಬೆರಕೆಯೋ ಎಂದು ಹೇಳುವ ದಾರಿ ಹೀಗೆ ತೆರೆಯಿತು. ಮುಂದೆ ಅದೇ ಸಂಸ್ಥೆಯ ಕೈಕೆಳಗೆ ಅತ್ತಾಪುರದಲ್ಲಿ ಅಳಿವಿನಂಚಿನ ಪ್ರಾಣಿಗಳಿಗೆಂದೇ ಪ್ರಯೋಗಾಲಯವಾಯಿತು. ಲಾಕೋನ್ಸ್ ಎಂದು ಕರೆಯುತ್ತಾರೆ. 2007ರಲ್ಲಿ ರಾಷ್ಟ್ರಪತಿ ಅಬ್ದುಲ್ ಕಲಾಂ ಅದನ್ನು ಉದ್ಘಾಟಿಸಿದರು. ಪಿ.ವಿ. ನರಸಿಂಹರಾವ್ ಮೇಲ್ಸೇತುವೆಯ ಆಸುಪಾಸಿನಲ್ಲಿ ದಿನವೂ ಓಡಾಡುವ ನಮ್ಮವರು ಎಷ್ಟೋ ಮಂದಿ.

ಹಾಗಾಗಿ ಸರ್ಕಸ್ಸಿನ ಸಿಂಹವನ್ನು ಗಿರ್‌ಗೆ ಬಿಟ್ಟರೆ ಅಲ್ಲಿಯ ವಂಶವೇ ಕೆಡುತ್ತದೆ. ಆಫ್ರಿಕಕ್ಕೆ ಕಳಿಸೋಣವೆಂದರೆ ಅದು ಅಲ್ಲಿಯದೂ ಅಲ್ಲ. ಎರಡೂ ಊರಿಗೆ ಬೇಡವಾದ ಜೀವ. ಹೊರನಾಡ ಕನ್ನಡಿಗರಾದ ನಮಗೆ ಈ ಸಂಕಟ ಒಂಚೂರು ತಿಳಿದೀತು, ಅಲ್ಲವೆ? ತಮಾಷೆಗೆ ಅಂದೆ. ನಮಗೆ ಕಾಚಿಗುಡದಿಂದ ರೈಲಾದರೂ ಇದೆ.

ಸಂತಾನ ಬೇಡವೆಂಬ ನಿಯಮ ಇಲ್ಲಿಂದ ಬಂದದ್ದು. ಇವು ತಮ್ಮ ಸಾಲಿನ ಕೊನೆಯವು. ಇವುಗಳ ಬೋನು ಒಂದೊಂದಾಗಿ ಖಾಲಿಯಾಗುತ್ತ ಬಂದು, ಕೊನೆಗೊಂದು ದಿನ ಕೇಂದ್ರದಲ್ಲಿ ಸರ್ಕಸ್ಸಿನ ಸಿಂಹವೇ ಇಲ್ಲವಾದರೆ ಅದೇ ಆ ಕೇಂದ್ರದ ಯಶಸ್ಸು. ನಾನು ಬ್ಯಾಂಕಿನಲ್ಲಿ ಕೆಲಸ ಮಾಡಿದವನು. ಪ್ರತಿ ವರ್ಷ ಅಂಕಿ ಏರಿದರೆ ಮಾತ್ರ ಮೆಚ್ಚುವ ಅಭ್ಯಾಸ ನಮ್ಮದು. ಅಂಕಿ ಸೊನ್ನೆಗೆ ಇಳಿಯಲೆಂದೇ ದಿನವೂ ಕಸ ಗುಡಿಸಿ, ಮಾಂಸ ಹಾಕಿ, ಮದ್ದು ಕೊಡುವ ಕೆಲಸವನ್ನು ಏನೆನ್ನಬೇಕೋ ನನಗೆ ಒಗಟು.

ಮುದಿ ಸಿಂಹದ ಆರೈಕೆ ಸುಲಭದ್ದಲ್ಲ. ಕಾಡಿನಲ್ಲಿ ಸಿಂಹಕ್ಕೆ ಮುಪ್ಪು ಎನ್ನುವುದು ಹೆಚ್ಚುಕಡಿಮೆ ಇಲ್ಲ. ಓಡಲಾಗದ ದಿನ ಬಂದರೆ ಕಥೆ ಮುಗಿಯಿತು. ಮನುಷ್ಯರ ಆಸರೆಯಲ್ಲಿ ಮಾತ್ರ ಅದು ಇಪ್ಪತ್ತು ವರ್ಷ ಮುಟ್ಟುವುದು, ದಾಟುವುದು. ಕಣ್ಣಿಗೆ ಪೊರೆ ಬರುತ್ತದೆ. ಕೀಲು ಹಿಡಿಯುತ್ತದೆ. ಮೂತ್ರಪಿಂಡ ಸೋಲುತ್ತದೆ, ದೊಡ್ಡ ಬೆಕ್ಕಿನ ಜಾತಿಗೆ ಅದೇ ಸಾಮಾನ್ಯ ಮುಪ್ಪಿನ ರೋಗ. ಹಲ್ಲಿಲ್ಲದ್ದಕ್ಕೆ ಎಲುಬು ತೆಗೆದು, ಮಾಂಸ ಸಣ್ಣಗೆ ಹೆಚ್ಚಿ ಕೊಡಬೇಕು. ಕೆಲವಕ್ಕೆ ಕೋಳಿ, ಈಲಿ. ಸೂಜಿ ಚುಚ್ಚಬೇಕಾದರೆ ಒಂದು ಕಡೆಯ ಸರಳನ್ನು ಒಳಕ್ಕೆ ಸರಿಸಿ ಮೆಲ್ಲಗೆ ಒತ್ತಿ ಹಿಡಿಯುವ ಬೋನು ಬೇಕು. ಮತ್ತೆ ಬೋನೇ! ಆದರೆ ಐದು ನಿಮಿಷಕ್ಕೆ. ನನ್ನ ತಾಯಿಯ ಕೊನೆಯ ಎರಡು ವರ್ಷ ನಾವು ಮನೆಯಲ್ಲಿ ಮಾಡಿದ್ದು ನೆನಪಾಯಿತು. ಅನ್ನ ಕಲಸಿ ಮಿದ್ದಿ ತಿನ್ನಿಸುವುದು, ಮಗ್ಗುಲು ಬದಲಿಸುವುದು, ರಾತ್ರಿ ಎದ್ದು ಉಸಿರು ನೋಡುವುದು. ನೋಡಿದವರಿಗೆ ಅದರಲ್ಲಿ ಹೇಳಿಕೊಳ್ಳುವಂಥದ್ದೇನೂ ಇರುವುದಿಲ್ಲ.

ಬನ್ನೇರುಘಟ್ಟಕ್ಕೆ ದೇಶದ ಸರ್ಕಸ್ಸಿನವು ಮಾತ್ರ ಬಂದಿಲ್ಲ. ಬ್ರಿಟನ್ನಿನ ಬಾರ್ನ್ ಫ್ರೀ ಎಂಬ ಸಂಸ್ಥೆಯವರು ಯುರೋಪಿನಲ್ಲಿ ಬಿಡಿಸಿದ ಹುಲಿಗಳನ್ನೂ ಅಲ್ಲಿಗೆ ತಂದು ಇರಿಸಿದ್ದರು. ಎಲ್ಸಾ ಎಂಬ ಸಿಂಹಿಣಿಯ ಕಥೆಯ ಸಿನಿಮಾ 1966ರಲ್ಲಿ ಬಂದಿತ್ತಲ್ಲ, ಅದರಲ್ಲಿ ನಟಿಸಿದ ವರ್ಜೀನಿಯಾ ಮೆಕೆನಾ ಆ ಸಂಸ್ಥೆಯನ್ನು ಕಟ್ಟಿದವರಲ್ಲೊಬ್ಬರು. ಪರದೇಶದಲ್ಲಿ ಹುಟ್ಟಿದ ಹುಲಿಗಳು ಕೊನೆಗಾಲಕ್ಕೆ ಕನ್ನಡದ ನೆಲದ ಹುಲ್ಲು ತುಳಿದವು ಎಂದು ಕೇಳಿದಾಗ ನನಗೆ ಸಂತೋಷವಾಗಿತ್ತು. ಹಾಗೆಯೇ ಕನ್ನಡ ನೆಲದಿಂದ ಇಲ್ಲಿಗೆ ಬಂದದ್ದೂ ಒಂದಿತ್ತು. ಮಂಗಳೂರಿನ ಪಿಲಿಕುಳದಿಂದ 2014ರಲ್ಲಿ ವಿನಿಮಯದ ಮೇಲೆ ನಮ್ಮ ಹೈದರಾಬಾದಿಗೆ ಬಂದ ಹುಲಿ, ಹೆಸರು ಕದಂಬ. ಅದು ಸರ್ಕಸ್ಸಿನದಲ್ಲ, ಆದರೂ ನಮ್ಮೂರಿನ ಹೆಸರು ಹೊತ್ತು ಬಂದದ್ದು ಎಂದು ನಾವು ಕೆಲವರು ಅದನ್ನು ನೋಡಲೆಂದೇ ಹೋಗುತ್ತಿದ್ದೆವು. 2020ರಲ್ಲಿ ಹೃದಯ ನಿಂತು ತೀರಿಕೊಂಡಿತು, ಹನ್ನೊಂದು ವರ್ಷವಾಗಿತ್ತು.

ಈಗ ಒಂದು ಕಹಿ ಮಾತು ಹೇಳಬೇಕು. ಆಸರೆ ಎಂದರೆ ಗೋಡೆ. ಆ ಗೋಡೆ ಯಾರಿಗಾಗಿ? ಪ್ರಾಣಿ ಹೊರಗೆ ಬಾರದಿರಲಿ ಎಂದು ನಾವು ತಿಳಿದಿರುತ್ತೇವೆ. ಹಿರಿಯ ಕೇಳುಗರಿಗೆ 2000ದ ಅಕ್ಟೋಬರ್ ನೆನಪಿರಬಹುದು. ವನ್ಯಜೀವಿ ಸಪ್ತಾಹ ನಡೆಯುವ ತಿಂಗಳು ಅದು. ಆಗ ನಮ್ಮ ನೆಹರೂ ಜೂನಲ್ಲಿ ಸಖಿ ಎಂಬ ಎಳೆಯ ಹೆಣ್ಣು ಹುಲಿ ಇತ್ತು. ರಾತ್ರಿ ಯಾರೋ ಒಳನುಗ್ಗಿ, ಬೋನಿನಲ್ಲೇ ಅದನ್ನು ಕೊಂದು, ಚರ್ಮ ಸುಲಿದು ಹೋದರು. ಮರುದಿನ ಊರಿಗೆ ಊರೇ ಬೆಚ್ಚಿತು. ನಮ್ಮ ಓಣಿಯ ಮಕ್ಕಳು ಅಳುತ್ತಿದ್ದವು. ಏನು ಹೇಳಬೇಕೆಂದು ದೊಡ್ಡವರಿಗೆ ತೋಚಲಿಲ್ಲ. ಕಾಡಿನಲ್ಲಿ ಹುಲಿಗೆ ಓಡಲು ಜಾಗವಿರುತ್ತದೆ. ನಾವೇ ಕಟ್ಟಿದ ಕೋಣೆಯಲ್ಲಿ ಅದಕ್ಕೆ ಆ ದಾರಿಯೂ ಇರಲಿಲ್ಲ.

ಇದು ನಮ್ಮೂರಿಗೆ ಮಾತ್ರ ಅಂಟಿದ ಕಳಂಕ ಎಂದುಕೊಂಡಿದ್ದೆ. ಹಾಗಿಲ್ಲ. ದಕ್ಷಿಣ ಅಮೆರಿಕದ ಪೆರು, ಕೊಲಂಬಿಯ ದೇಶಗಳ ಸರ್ಕಸ್ಸುಗಳಿಂದ ಬಿಡಿಸಿದ 33 ಸಿಂಹಗಳನ್ನು 2016ರಲ್ಲಿ ವಿಮಾನದಲ್ಲಿ ದಕ್ಷಿಣ ಆಫ್ರಿಕದ ಒಂದು ರಕ್ಷಣಾಲಯಕ್ಕೆ ಒಯ್ದರು. ಲೋಕವೆಲ್ಲ ಟಿವಿಯಲ್ಲಿ ನೋಡಿ ಕಣ್ಣೊರೆಸಿಕೊಂಡಿತು. ಮರುವರ್ಷ, 2017ರಲ್ಲಿ, ಅವುಗಳಲ್ಲಿ ಎರಡನ್ನು, ಹೋಸೆ ಮತ್ತು ಲೀಸೋ ಎಂಬ ಗಂಡು ಸಿಂಹಗಳನ್ನು, ಕಳ್ಳಬೇಟೆಗಾರರು ವಿಷವಿಟ್ಟು ಕೊಂದರು. ತಲೆ, ಪಂಜ ಕತ್ತರಿಸಿಕೊಂಡು ಹೋಗಿದ್ದರು. ಸರ್ಕಸ್ಸಿನಲ್ಲಿ ಹೊಡೆತ ತಿಂದ ಜೀವಕ್ಕೆ ಹುಲ್ಲಿನ ಮೇಲೆ ಸಿಕ್ಕಿದ್ದು ಒಂದೇ ವರ್ಷ.

ಅದಕ್ಕೇ ಈಗೀಗ ನನಗೆ ಎತ್ತರದ ಗೋಡೆ, ರಾತ್ರಿಯ ಗಸ್ತು, ಕೈಯಲ್ಲಿ ಟಾರ್ಚು ಹಿಡಿದು ಬೀಡಿ ಸೇದುತ್ತ ತಿರುಗುವ ಕಾವಲುಗಾರ, ಇವೆಲ್ಲ ಬೇರೆ ಥರ ಕಾಣುತ್ತವೆ. ಅವನಿಗೆ ಸಂಬಳ ಹೊತ್ತಿಗೆ ಸಿಗುತ್ತದೆಯೇ, ಖಾಯಂ ನೌಕರಿಯೋ ದಿನಗೂಲಿಯೋ, ಇವು ಪ್ರಾಣಿದಯೆಯ ಪ್ರಶ್ನೆಗಳೆಂದು ನಮ್ಮ ಮನಸ್ಸಿಗೆ ಬರುವುದಿಲ್ಲ. ಸಿಂಹದ ಜೀವ ಅವನ ಕೈಯಲ್ಲಿದೆ. ಅಷ್ಟೇ ಅಲ್ಲ, ಅವನ ಉಸಿರಿನಲ್ಲೂ ಇದೆ. ಕೊರೊನಾದ ಎರಡನೆಯ ಅಲೆಯಲ್ಲಿ, 2021ರ ಮೇ ತಿಂಗಳಲ್ಲಿ, ನಮ್ಮ ಜೂನ ಎಂಟು ಸಿಂಹಗಳಿಗೆ ಸೋಂಕು ತಗಲಿದ್ದನ್ನು ಪತ್ರಿಕೆಯಲ್ಲಿ ಓದಿರುತ್ತೀರಿ. ಮೂಗು ಸೋರುತ್ತಿದೆ, ಕೆಮ್ಮುತ್ತಿವೆ ಎಂದು ಗಮನಿಸಿದ್ದು ಅಲ್ಲಿನ ಸಿಬ್ಬಂದಿ. ಪರೀಕ್ಷೆ ಮಾಡಿದ್ದು ಅದೇ ಅತ್ತಾಪುರದ ಪ್ರಯೋಗಾಲಯ. ಮನುಷ್ಯರಿಂದಲೇ ಬಂದಿರಬೇಕೆಂದು ಬಲ್ಲವರು ಹೇಳಿದರು. ಎಂಟೂ ಗುಣವಾದವು.

ಸರ್ಕಸ್ಸಿನ ಕಥೆ ಈಗ ಎಲ್ಲಿಗೆ ಬಂದಿದೆ? ನೀವೇ ಲೆಕ್ಕ ಹಾಕಿ. 2001ರಲ್ಲಿ ಆಟ ನಿಂತಾಗ ಮರಿಯಾಗಿದ್ದದ್ದು ಇವತ್ತು ಇದ್ದರೆ ಇಪ್ಪತ್ತೈದರ ಹತ್ತಿರ. ಆ ಪೀಳಿಗೆ ಮುಗಿಯಿತು ಅಥವಾ ಮುಗಿಯುವ ಅಂಚಿನಲ್ಲಿದೆ. ಈಗ ಇಂಥ ಕೇಂದ್ರಗಳಿಗೆ ಬರುವವರು ಬೇರೆ. ಕಬ್ಬಿನ ಗದ್ದೆಯಲ್ಲಿ ತಾಯಿಯನ್ನು ಕಳೆದುಕೊಂಡ ಚಿರತೆ ಮರಿ, ಉರುಳಿಗೆ ಸಿಕ್ಕಿ ಕಾಲು ಕಳೆದುಕೊಂಡ ಹುಲಿ, ಹಳ್ಳಿಗೆ ಬಂದು ಮತ್ತಿನ ಸೂಜಿ ತಿಂದದ್ದು. ಮೈಸೂರಿನ ಕೂರ್ಗಳ್ಳಿಯಲ್ಲಿ ಇಂಥವಕ್ಕೆಂದೇ ಜಾಗವಿದೆ. ಬನ್ನೇರುಘಟ್ಟದಲ್ಲಿ ಹೀಗೆ ಬಂದ ಚಿರತೆಗಳನ್ನು ಬಿಟ್ಟು 2024ರಲ್ಲಿ ಚಿರತೆ ಸಫಾರಿಯನ್ನೇ ತೆರೆದರು. ಅಲ್ಲಿ ಟಿಕೆಟ್ಟಿದೆ, ಬಸ್ಸಿದೆ. ಆ ದುಡ್ಡು ಪ್ರಾಣಿಗಳ ಹೊಟ್ಟೆಗೇ ಹೋಗುತ್ತದೆ ಎನ್ನುವವರಿದ್ದಾರೆ, ಅದರಲ್ಲಿ ಸುಳ್ಳಿಲ್ಲ. ಆದರೂ, ಬಿಡಿಸಿ ತಂದದ್ದನ್ನು ಮತ್ತೆ ನೋಡುವವರ ಮುಂದೆ ನಿಲ್ಲಿಸುವುದು ನನಗೆ ಪೂರ್ತಿ ಒಪ್ಪಿಗೆಯಿಲ್ಲ. ಸರ್ಕಸ್ಸಿನ ಸಿಂಹಕ್ಕೆ ನಾವು ಕೊಟ್ಟ ದೊಡ್ಡ ಉಡುಗೊರೆ ಮಾಂಸವಲ್ಲ, ಅಂಗಳವೂ ಅಲ್ಲ, ಯಾರೂ ನೋಡದಿರುವ ಹಕ್ಕು ಎಂದು ನಾನು ತಿಳಿದಿದ್ದೇನೆ. ನಾನೇ ಮೊಮ್ಮಗನನ್ನು ಸಫಾರಿ ಬಸ್ಸಿನಲ್ಲಿ ಕರೆದುಕೊಂಡು ಹೋದವನು. ನನ್ನ ಮಾತಿನಲ್ಲಿ ತಿರುಚು ಇದೆ, ಒಪ್ಪುತ್ತೇನೆ.

ಕೈಲಾದದ್ದು ಏನಾದರೂ ಮಾಡಬೇಕೆನ್ನಿಸಿದವರಿಗೆ ಒಂದು ಮಾತು. ನಮ್ಮ ನೆಹರೂ ಜೂನಲ್ಲಿ ಪ್ರಾಣಿಗಳನ್ನು ದತ್ತು ತೆಗೆದುಕೊಳ್ಳುವ ಯೋಜನೆಯಿದೆ. ಹುಲಿ ಸಿಂಹದ ಖರ್ಚು ನಮ್ಮಂಥ ಪಿಂಚಣಿದಾರರಿಗೆ ಎಟುಕುವುದಿಲ್ಲ; ಒಂದು ಹಕ್ಕಿಯದೋ ಆಮೆಯದೋ ಎಟುಕೀತು. ಜೂ ಕಚೇರಿಯಲ್ಲಿ ಕೇಳಿದರೆ ವಿವರ ಕೊಡುತ್ತಾರೆ. ಬನ್ನೇರುಘಟ್ಟ, ಮೈಸೂರುಗಳಲ್ಲೂ ಈ ವ್ಯವಸ್ಥೆ ಉಂಟು.

ಅವತ್ತು ಸಂಜೆ ಜೂ ಮುಚ್ಚುವ ಹೊತ್ತಿಗೆ ನಾವು ಮೀರ್ ಆಲಂ ಕೆರೆಯ ಕಡೆಯ ಬೆಂಚಿನ ಮೇಲೆ ಕೂತು ಬುತ್ತಿ ಬಿಚ್ಚಿದ್ದೆವು. ಜನ ಕರಗಿದ್ದರು. ಒಮ್ಮೆಲೆ ಸಫಾರಿಯ ಕಡೆಯಿಂದ ಗರ್ಜನೆ ಬಂತು. ಒಂದಲ್ಲ, ಒಂದಾದ ಮೇಲೊಂದು, ಎದೆಯೊಳಗೆ ಗುಡುಗಿದ ಹಾಗೆ. ಹುಡುಗ ರೊಟ್ಟಿ ಕೈಯಲ್ಲಿ ಹಿಡಿದು ಹಾಗೇ ಕೂತ.

"ಅಜ್ಜಾ, ಮಧ್ಯಾಹ್ನ ನಾವೆಲ್ಲಾ ಅಷ್ಟು ಒದರಿದ್ರ ಸುಮ್ನಿತ್ತು. ಈಗ್ಯಾಕ ಕೂಗ್ತದ?"

"ಈಗ ಯಾರೂ ಇಲ್ಲಲ್ಲಪ್ಪ, ಅದಕ್ಕ" ಅಂದೆ. ಕಾವಲಿನವನು ಸೀಟಿ ಊದುತ್ತ ಬಂದು, ಇನ್ನು ಏಳಬೇಕು ಎಂದು ಕೈಮಾಡಿದ. ಬುತ್ತಿ ಕಟ್ಟಿಕೊಂಡು ಎದ್ದೆವು.